ಕೊಲೊನೋಸ್ಕೋಪಿ ಯಾರಿಗೆ, ಯಾವಾಗ? ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆ ಮತ್ತು ನಮ್ಮ ಮೂರು ಜಿಲ್ಲೆಗಳು

ಜಮಖಂಡಿ_ವೈದ್ಯ

ಐವತ್ತರ ಆಸುಪಾಸಿನ ರೋಗಿಗಳು, ಅದರಲ್ಲೂ ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೌಕರಿಯಲ್ಲಿರುವವರು, ಬಿಪಿ ಗುಳಿಗೆಯ ಮಾತು ಮುಗಿದ ಮೇಲೂ ಕುರ್ಚಿಯಿಂದ ಏಳದೆ ಇತ್ತೀಚೆಗೆ ಒಂದು ಪ್ರಶ್ನೆ ಕೇಳುತ್ತಾರೆ: “ಸಾಹೇಬ್ರ, ನಲವತ್ತೈದಾದ ಮ್ಯಾಲೆ ದುರ್ಬೀನ್ ಹಾಕಿ ಕರಳ ನೋಡಿಸಬೇಕಂತರೀ, ಹೌದೇನ್ರೀ?”

ಪ್ರಶ್ನೆ ಗಾಳಿಮಾತಿನಿಂದ ಹುಟ್ಟಿದ್ದಲ್ಲ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2018ರಲ್ಲಿ, ಅಲ್ಲಿನ ಸರ್ಕಾರಕ್ಕೆ ಸಲಹೆ ನೀಡುವ ತಜ್ಞರ ಕಾರ್ಯಪಡೆ 2021ರಲ್ಲಿ, ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಯನ್ನು 50ರ ಬದಲು 45ರ ವಯಸ್ಸಿಗೇ ಆರಂಭಿಸಬೇಕೆಂದು ಹೇಳಿದವು. ನಮ್ಮ ಸುತ್ತಲಿನ ಖಾಸಗಿ ಆಸ್ಪತ್ರೆಗಳ ಆರೋಗ್ಯ ಪ್ಯಾಕೇಜುಗಳಲ್ಲೂ ಈಗ ಆ ಸಲಹೆಯ ನೆರಳು ಕಾಣುತ್ತಿದೆ. ಆದರೆ ಅಲ್ಲಿನ ರೋಗದ ಪ್ರಮಾಣ ಬೇರೆ, ಇಲ್ಲಿಯದು ಬೇರೆ. ಅಥಣಿ, ರಾಯಬಾಗದವರು ಮಿರಜಕ್ಕೆ, ಇಂಡಿ ಭಾಗದವರು ಸೊಲ್ಲಾಪುರಕ್ಕೆ, ಉಳಿದವರು ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಹೋಗಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆ ಈ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳಿನ ಒಳಗನ್ನು ನೋಡುವುದು. ಯಾವ ತೊಂದರೆಯೂ ಇಲ್ಲದ ಮನುಷ್ಯನನ್ನು ಅಷ್ಟು ದೂರ ಕಳಿಸಬೇಕೇ ಎಂಬುದರ ಬಗ್ಗೆ ಈ ವಿಷಯದಲ್ಲಿ ದಿನನಿತ್ಯ ಕೆಲಸ ಮಾಡುವವರ ಅಭಿಪ್ರಾಯ ಬೇಕು. ಸಾಮಾನ್ಯ ಓದುಗರೂ ಬರೆಯಬಹುದು.

ಬೆಳಗಾವಿ_ಎಂಡೋ

ಮೊದಲು ಈ ಪರೀಕ್ಷೆಯ ಹಿಂದಿನ ತರ್ಕವನ್ನು ಹೇಳುತ್ತೇನೆ, ಏಕೆಂದರೆ ಅದು ಉಳಿದ ಹೆಚ್ಚಿನ ಕ್ಯಾನ್ಸರ್ ತಪಾಸಣೆಗಳ ತರ್ಕಕ್ಕಿಂತ ಸ್ವಲ್ಪ ಭಿನ್ನವಾದದ್ದು. ಸ್ತನದ ಎಕ್ಸ್‌-ರೇ ಹುಡುಕುವುದು ಈಗಾಗಲೇ ಹುಟ್ಟಿರುವ ಗಂಟನ್ನು. ಕೊಲೊನೋಸ್ಕೋಪಿ ಹುಡುಕುವುದು ಮುಖ್ಯವಾಗಿ ಇನ್ನೂ ಕ್ಯಾನ್ಸರ್ ಆಗದ ಪಾಲಿಪ್‌ಗಳನ್ನು. ದೊಡ್ಡಕರುಳಿನ ಒಳಪದರದಲ್ಲಿ ಏಳುವ ಅಡಿನೋಮಾ ಎಂಬ ಸಣ್ಣ ಬೆಳವಣಿಗೆಗಳಲ್ಲಿ ಕೆಲವು, ಒಂದಾದ ಮೇಲೊಂದು ವಂಶವಾಹಿ ಕೆಡುತ್ತ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯಲ್ಲಿ ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ಎಪಿಸಿ ವಂಶವಾಹಿಯಿಂದ ಆರಂಭವಾಗಿ ಕೆ-ರಾಸ್, ಪಿ-53ರವರೆಗೆ ಸಾಗುವ ಈ ಹಾದಿಯ ನಕ್ಷೆಯನ್ನು ಫಿಯರಾನ್ ಮತ್ತು ವೊಗೆಲ್‌ಸ್ಟೈನ್ 1990ರಲ್ಲಿ ಬರೆದರು. ಆ ದೀರ್ಘ ಅವಧಿಯಲ್ಲಿ ಯಾವಾಗಲಾದರೂ ಪಾಲಿಪ್ ಅನ್ನು ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆದರೆ ಅದು ಕ್ಯಾನ್ಸರ್ ಆಗುವ ಪ್ರಶ್ನೆಯೇ ಇಲ್ಲ. ಹೊಟ್ಟೆ ಕೊಯ್ಯದೆ ಹೀಗೆ ಪಾಲಿಪ್ ತೆಗೆಯುವ ಕೆಲಸವನ್ನು ನ್ಯೂಯಾರ್ಕಿನಲ್ಲಿ ಶಿನ್ಯಾ ಮತ್ತು ವೋಲ್ಫ್ 1969ರಲ್ಲೇ ಆರಂಭಿಸಿದ್ದರು. ಪಾಲಿಪ್ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ 76ರಿಂದ 90 ಪ್ರತಿಶತ ಕಡಿಮೆಯಾಗಿ ಕಂಡಿತೆಂದು ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1993ರಲ್ಲಿ ವರದಿ ಮಾಡಿತು. ಅದೇ ತಂಡ 2012ರಲ್ಲಿ ಸಾವಿನ ಪ್ರಮಾಣವೂ ಸುಮಾರು ಅರ್ಧಕ್ಕೆ ಇಳಿದದ್ದನ್ನು ತೋರಿಸಿತು.

ಆದ್ದರಿಂದ ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಪ್ರಶ್ನೆ ಕೇಳಿದರೆ ನನ್ನ ಉತ್ತರ ಸರಳ. ಐವತ್ತು ದಾಟಿದವರು, ಖರ್ಚು ಭರಿಸಬಲ್ಲವರು, ತಾವೇ ಬಯಸಿ ಬಂದರೆ ನಾನು ಬೇಡವೆನ್ನುವುದಿಲ್ಲ. ಪರೀಕ್ಷೆ ಚೆನ್ನಾಗಿ ನಡೆದು ಏನೂ ಸಿಗದಿದ್ದರೆ ಹತ್ತು ವರ್ಷ ಮತ್ತೆ ಮಾಡಿಸಬೇಕಿಲ್ಲ.

ವಿಜಯಪುರ_ಸಮುದಾಯವೈದ್ಯೆ

ಬೆಳಗಾವಿ ಸರ್ ಹೇಳಿದ ತರ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1993ರ ಅಧ್ಯಯನದಲ್ಲಿ ಹೋಲಿಕೆಗೆ ಇದ್ದದ್ದು ಹಳೆಯ ದಾಖಲೆಗಳೇ ಹೊರತು ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ ಎಂಬುದನ್ನು ಸೇರಿಸಬೇಕು. ಚೀಟಿ ಎತ್ತಿದಂತೆ ಜನರನ್ನು ಹಂಚಿ ಮಾಡಿದ ಮೊದಲ ದೊಡ್ಡ ಕೊಲೊನೋಸ್ಕೋಪಿ ಪ್ರಯೋಗದ ಫಲಿತಾಂಶ ಬಂದದ್ದು 2022ರಲ್ಲಿ. ನಾರ್ಡಿಕ್ ಪ್ರಯೋಗ ಎಂದು ಅದನ್ನು ಕರೆಯುತ್ತಾರೆ. ಪೋಲೆಂಡ್, ನಾರ್ವೆ ಮತ್ತು ಸ್ವೀಡನ್‌ನ 84,585 ಜನರಲ್ಲಿ ಒಂದು ಭಾಗಕ್ಕೆ ‘ಬಂದು ಪರೀಕ್ಷೆ ಮಾಡಿಸಿಕೊಳ್ಳಿ’ ಎಂಬ ಆಹ್ವಾನ ಹೋಯಿತು, ಉಳಿದವರಿಗೆ ಹೋಗಲಿಲ್ಲ. ಹತ್ತು ವರ್ಷಗಳ ನಂತರ ನೋಡಿದಾಗ ಆಹ್ವಾನಿತರಲ್ಲಿ 0.98 ಪ್ರತಿಶತ ಜನರಿಗೆ, ಉಳಿದವರಲ್ಲಿ 1.20 ಪ್ರತಿಶತ ಜನರಿಗೆ ಕ್ಯಾನ್ಸರ್ ಬಂದಿತ್ತು. ಈ ಕ್ಯಾನ್ಸರ್‌ನಿಂದ ಆದ ಸಾವು 0.28 ಮತ್ತು 0.31, ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳಲು ಸಾಲದಷ್ಟು ಚಿಕ್ಕದು. ಒಂದು ಕ್ಯಾನ್ಸರ್ ತಪ್ಪಿಸಲು 455 ಜನರನ್ನು ಆಹ್ವಾನಿಸಬೇಕಾಯಿತು.

ಪತ್ರಿಕೆಗಳು ಇದನ್ನು ‘ಕೊಲೊನೋಸ್ಕೋಪಿ ನಿರುಪಯೋಗಿ’ ಎಂಬರ್ಥದಲ್ಲಿ ಬರೆದವು, ಅದು ತಪ್ಪು. ಆಹ್ವಾನ ಪಡೆದವರಲ್ಲಿ ನಿಜವಾಗಿ ಬಂದು ಮಾಡಿಸಿಕೊಂಡವರು 42 ಪ್ರತಿಶತ ಮಾತ್ರ. ಎಲ್ಲರೂ ಬಂದಿದ್ದರೆ ಎಂಬ ಲೆಕ್ಕದಲ್ಲಿ ಸಾವು ಅರ್ಧಕ್ಕೆ ಇಳಿಯುತ್ತದೆಂದು ಅದೇ ಲೇಖಕರು ಅಂದಾಜು ಮಾಡಿದ್ದಾರೆ. ನನ್ನ ಮಟ್ಟಿಗೆ ಆ ಪ್ರಯೋಗದ ಪಾಠವೇ ಈ 42. ದಾಖಲೆ, ಅಂಚೆ, ರಸ್ತೆ, ರಜೆ ಎಲ್ಲವೂ ಸರಿಯಿರುವ ದೇಶಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜನ ಬರಲಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುದ್ದೇಬಿಹಾಳದಿಂದ ಒಬ್ಬ ಆರೋಗ್ಯವಂತ ರೈತ ಒಂದು ದಿನ ಉಪವಾಸವಿದ್ದು, ಭೇದಿ ಔಷಧ ಕುಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಬರುತ್ತಾನೆಯೇ?

ಇದಕ್ಕೆ ರೋಗದ ಪ್ರಮಾಣವನ್ನೂ ಸೇರಿಸಿ. ಅಮೆರಿಕ, ಯುರೋಪುಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ ಮೂವತ್ತರ ಸುತ್ತಮುತ್ತ ಇರುವ ಈ ಕ್ಯಾನ್ಸರ್ ಭಾರತದಲ್ಲಿ ವಯಸ್ಸಿನ ಹೊಂದಾಣಿಕೆ ಮಾಡಿದ ಮೇಲೆ ಲಕ್ಷಕ್ಕೆ ಹತ್ತಕ್ಕಿಂತ ಕಡಿಮೆ. ಇಲ್ಲಿ ಒಂದು ಕ್ಯಾನ್ಸರ್ ತಪ್ಪಿಸಲು ಆಹ್ವಾನಿಸಬೇಕಾದವರ ಸಂಖ್ಯೆ 455ಕ್ಕಿಂತ ಬಹಳ ಹೆಚ್ಚಾಗುತ್ತದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಮಾತ್ರ ಇಟ್ಟುಕೊಂಡಿರುವುದು ಮರೆವಿನಿಂದಲ್ಲ. ಆ ಮೂರನ್ನೇ ನಾವು ಇನ್ನೂ ಸರಿಯಾಗಿ ಮುಟ್ಟಿಸಿಲ್ಲ.

ಅಥಣಿ_ಮಾಸ್ತರ

ನಾನು ವೈದ್ಯನಲ್ಲ, ನಿವೃತ್ತ ಶಿಕ್ಷಕ. ಡಾಕ್ಟರ್ ಅವರೇ, ಒಂದು ಸಣ್ಣ ಸಂಶಯ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ತಿನ್ನುವ ನಮಗೆ ಈ ರೋಗ ಬರುವುದಿಲ್ಲವೆಂದು ಹಲವರು ಹೇಳುತ್ತಾರೆ. ಇದರಲ್ಲಿ ಹುರುಳಿದೆಯೇ?

ವಿಜಯಪುರ_ಸಮುದಾಯವೈದ್ಯೆ

ಮಾಸ್ತರರೇ, ಸ್ವಲ್ಪ ಹುರುಳಿದೆ, ಭರವಸೆ ಇಲ್ಲ. ನಾರು ಹೆಚ್ಚು ತಿನ್ನುವ ಆಫ್ರಿಕದ ಹಳ್ಳಿಗಳಲ್ಲಿ ಈ ಕ್ಯಾನ್ಸರ್ ಅಪರೂಪವೆಂಬುದನ್ನು ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು 1971ರಲ್ಲಿ ಎತ್ತಿ ಹೇಳಿದ ಮೇಲೆ ಆ ದಿಕ್ಕಿನ ಸಂಶೋಧನೆ ಬಹಳ ಬೆಳೆಯಿತು, ಮತ್ತು ಇಡೀ ಧಾನ್ಯದ ಆಹಾರ ಅಪಾಯವನ್ನು ಕೊಂಚ ತಗ್ಗಿಸುತ್ತದೆ ಎಂಬುದು ಇಂದಿಗೂ ನಿಂತಿದೆ. ಆದರೆ ಅದೇ ಜೋಳದ ರೊಟ್ಟಿ ಉಣ್ಣುವವರಲ್ಲಿ ಬೀಡಿ, ಸಾರಾಯಿ, ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಏರುತ್ತದೆ. ಮನೆತನದಿಂದ ಬಂದ ರೋಗಕ್ಕೆ ರೊಟ್ಟಿಯ ಅಡ್ಡಿಯಿಲ್ಲ.

ಮುಧೋಳ_ಮಗಳು

ಇಷ್ಟು ದಿನ ಓದಿ ಸುಮ್ಮನಿದ್ದೆ. ಈ ಚರ್ಚೆ ನಮ್ಮ ಮನೆಗೆ ನೇರವಾಗಿ ಸಂಬಂಧಿಸಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯವರಿಗೆ 52ನೆಯ ವಯಸ್ಸಿನಲ್ಲಿ ಮಲದಲ್ಲಿ ರಕ್ತ ಬರಲಾರಂಭಿಸಿತು. ಮೂಲವ್ಯಾಧಿಯೆಂದು ಮೊದಲು ಊರಿನ ಔಷಧ, ನಂತರ ರಸ್ತೆಯ ಬದಿಯ ಫಲಕ ನೋಡಿ ಹೋದ ಒಂದು ಪೈಲ್ಸ್ ಚಿಕಿತ್ಸಾಲಯ. ಅಲ್ಲಿ ಇಂಜೆಕ್ಷನ್ ಕೊಟ್ಟರು, ದಾರ ಕಟ್ಟಿದರು, ಪಥ್ಯ ಹೇಳಿದರು. ಯಾರೊಬ್ಬರೂ ಬೆರಳು ಹಾಕಿ ಪರೀಕ್ಷಿಸಲಿಲ್ಲವೆಂದು ತಂದೆಯವರೇ ಆಮೇಲೆ ಹೇಳಿದರು. ಆಗ ನಮಗೆ ಅದು ಕೇಳಬೇಕಾದ ವಿಷಯವೆಂದು ತಿಳಿದಿರಲಿಲ್ಲ. ಒಂದು ವರ್ಷದ ಮೇಲೆ ತೂಕ ಇಳಿದು, ಮಲ ಸಣ್ಣಗೆ ಪಟ್ಟಿಯಂತೆ ಬರತೊಡಗಿದಾಗ ಬೆಳಗಾವಿಗೆ ಕರೆದುಕೊಂಡು ಹೋದೆವು. ಗುದನಾಳದ ಕ್ಯಾನ್ಸರ್. ವಿಕಿರಣ, ಕೀಮೋ, ಶಸ್ತ್ರಚಿಕಿತ್ಸೆ ಎಲ್ಲ ಆಗಿ ಈಗ ಹೊಟ್ಟೆಯ ಮೇಲೆ ಚೀಲವಿದೆ, ಹೊಲಕ್ಕೆ ಹೋಗಿಬರುತ್ತಾರೆ.

ನನ್ನ ಪ್ರಶ್ನೆ ಎರಡು. ಮೊದಲನೆಯದು, ನನಗೂ ನನ್ನ ಇಬ್ಬರು ತಮ್ಮಂದಿರಿಗೂ ಪರೀಕ್ಷೆ ಯಾವಾಗ ಬೇಕು? ಎರಡನೆಯದು, ನಮ್ಮ ತಂದೆಯ ಅಕ್ಕನೂ ಐವತ್ತರೊಳಗೆ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡವರು. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಬಾಗಲಕೋಟೆ_ಸರ್ಜನ್

ತಂಗಿ, ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದರ ಉತ್ತರವನ್ನೇ ಬದಲಿಸುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಒಂದೇ ರಕ್ತಸಂಬಂಧದಲ್ಲಿ ಒಬ್ಬರಿಗೆ ದೊಡ್ಡಕರುಳಿನ ಅಥವಾ ಗುದನಾಳದ ಕ್ಯಾನ್ಸರ್, ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದಿದ್ದರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯನ್ನು ನೆನೆಯಲೇಬೇಕು. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪುಗಳನ್ನು ತಿದ್ದುವ ನಾಲ್ಕು ವಂಶವಾಹಿಗಳಲ್ಲಿ, ಅಂದರೆ ಎಂಎಲ್‌ಎಚ್-1, ಎಂಎಸ್‌ಎಚ್-2, ಎಂಎಸ್‌ಎಚ್-6, ಪಿಎಂಎಸ್-2 ಇವುಗಳಲ್ಲಿ, ಒಂದು ಕೆಟ್ಟಿರುವುದು ಇದರ ಕಾರಣ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನಿಮ್ಮ ಅತ್ತೆಯವರದು ಗರ್ಭಕಂಠದ್ದೋ ಒಳಪದರದ್ದೋ ಎಂಬುದು ಹಳೆಯ ಬಯಾಪ್ಸಿ ಕಾಗದದಿಂದ ಮಾತ್ರ ತಿಳಿದೀತು. ನಮ್ಮ ಕಡೆ ಎರಡನ್ನೂ ‘ಗರ್ಭಚೀಲದ್ದು’ ಎಂದೇ ಹೇಳುತ್ತಾರೆ, ಆದರೆ ಗರ್ಭಕಂಠದ ಕ್ಯಾನ್ಸರ್‌ಗೂ ಲಿಂಚ್‌ಗೂ ಸಂಬಂಧವಿಲ್ಲ. ತಂದೆಯವರ ಗಡ್ಡೆಯ ತುಣುಕು ಆಸ್ಪತ್ರೆಯಲ್ಲಿ ಮೇಣದ ಬ್ಲಾಕಿನ ರೂಪದಲ್ಲಿ ಉಳಿದಿರುತ್ತದೆ. ಆ ಬ್ಲಾಕಿನ ಮೇಲೆ ಎಂಎಂಆರ್ ಪ್ರೋಟೀನುಗಳ, ಅಂದರೆ ಆ ನಾಲ್ಕು ವಂಶವಾಹಿಗಳು ತಯಾರಿಸುವ ಪ್ರೋಟೀನುಗಳ, ಬಣ್ಣದ ಪರೀಕ್ಷೆ ಮಾಡಿಸಲು ಕೇಳಿ. ನಾಲ್ಕೂ ಪ್ರೋಟೀನು ಕಂಡರೆ ಲಿಂಚ್ ಇರುವ ಸಂಭವ ಬಹಳ ಕಡಿಮೆ. ಯಾವುದಾದರೊಂದು ಕಾಣದಿದ್ದರೆ ತಂದೆಯವರಿಗೆ ರಕ್ತದ ವಂಶವಾಹಿ ಪರೀಕ್ಷೆ, ಅದರಲ್ಲಿ ದೋಷ ಸಿಕ್ಕರೆ ನಂತರ ನಿಮಗೆ.

ಲಿಂಚ್ ಎಂದು ಖಚಿತವಾದವರಿಗೆ ಕೊಲೊನೋಸ್ಕೋಪಿ 20ರಿಂದ 25ರ ವಯಸ್ಸಿಗೇ ಆರಂಭವಾಗುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಮುಂದುವರಿಯುತ್ತದೆ. ದೋಷ ಎಂಎಸ್‌ಎಚ್-6 ಅಥವಾ ಪಿಎಂಎಸ್-2 ಇದ್ದರೆ ಕೆಲವು ವರ್ಷ ತಡವಾಗಿ ಆರಂಭಿಸಬಹುದು. ಲಿಂಚ್ ಅಲ್ಲವೆಂದಾದರೆ ನಿಮಗೆ ಅನ್ವಯಿಸುವುದು ಸಾಮಾನ್ಯ ನಿಯಮ: ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ, 40ನೆಯ ವಯಸ್ಸಿಗೆ ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಆರಂಭಿಸಿ ಐದು ವರ್ಷಕ್ಕೊಮ್ಮೆ. ನಿಮ್ಮ ಮನೆಯ ಲೆಕ್ಕದಲ್ಲಿ ಅದು 40.

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ಮಾತಿದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಎಂಯುಟಿವೈಎಚ್ ಎಂಬ ವಂಶವಾಹಿಯ ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಪಾಲಿಪೋಸಿಸ್ ಒಂದಿದೆ. ಕರುಳಿನ ತುಂಬ ಹತ್ತಾರು ಪಾಲಿಪ್ ಏಳುತ್ತವೆ, ಆದರೆ ತಂದೆ ತಾಯಿಗಳಿಗೆ ಏನೂ ಇರುವುದಿಲ್ಲ. ರಕ್ತಸಂಬಂಧದ ಮದುವೆಯಿರುವ ಮನೆಗಳಲ್ಲಿ ಅದರ ಸಂಭವ ಏರುತ್ತದೆ. ಹಾಗಾಗಿ ‘ನಿಮ್ಮ ತಂದೆತಾಯಿಗೆ ಇತ್ತೇ’ ಎಂದು ಕೇಳಿ ಇಲ್ಲವೆಂಬ ಉತ್ತರಕ್ಕೆ ಸಮಾಧಾನಪಟ್ಟುಕೊಳ್ಳದೆ, ‘ಗಂಡ ಹೆಂಡತಿ ಮೊದಲೇ ಸಂಬಂಧಿಕರೇ’ ಎಂದೂ ನಾನು ಕೇಳುತ್ತೇನೆ.

ತಂದೆಯವರ ಚಿಕಿತ್ಸೆಯ ಆರಂಭದ ಬಗ್ಗೆ ನೀವು ಬರೆದದ್ದನ್ನು ಓದಿ ಹೆಚ್ಚು ಹೇಳಲು ಮನಸ್ಸಿಲ್ಲ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್‌ಗಳಲ್ಲಿ ಗುದನಾಳದ ಪಾಲು ದೊಡ್ಡದು, ಮತ್ತು ಗುದದ್ವಾರದಿಂದ ಏಳೆಂಟು ಸೆಂಟಿಮೀಟರ್ ಒಳಗಿನವು ಬೆರಳಿಗೆ ಸಿಗುತ್ತವೆ. ಕೈಗವಸು, ಜೆಲ್ಲಿ, ಅರ್ಧ ನಿಮಿಷ. ಮಲದಲ್ಲಿ ರಕ್ತವೆಂದು ಬಂದ ರೋಗಿಯನ್ನು ಬೆರಳಿನಿಂದ ಪರೀಕ್ಷಿಸದೆ ಪೈಲ್ಸ್ ಎಂದು ಬರೆದುಕೊಡುವುದಕ್ಕೆ ಯಾವ ಸಬೂಬೂ ಇಲ್ಲ. ಪೈಲ್ಸ್ ಕಣ್ಣಿಗೆ ಕಂಡರೂ ಅದಕ್ಕಿಂತ ಮೇಲೆ, ಕರುಳಿನೊಳಗೆ, ಒಂದು ಗಡ್ಡೆ ಇರಬಾರದೆಂದೇನಿಲ್ಲ.

ಜಮಖಂಡಿ_ವೈದ್ಯ

ಸರ್ಜನ್ ಸರ್ ಅವರ ಮಾತು ಚರ್ಚೆಯನ್ನು ಸರಿಯಾದ ಜಾಗಕ್ಕೆ ತಂದಿತು. ನಾನು ಆರೋಗ್ಯವಂತರ ಬಗ್ಗೆ ಕೇಳಿದ್ದೆ. ಆದರೆ ನನ್ನ ಅನುಭವದಲ್ಲಿ ತಡವಾಗಿ ಸಿಗುವ ಬಹುತೇಕರು ಮೊದಲೇ ಏನೋ ಒಂದು ಲಕ್ಷಣ ಹೇಳಿದವರೇ. ರಕ್ತ ಒಂದೇ ಅಲ್ಲ. ಬಲಭಾಗದ ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆ ಒಸರುತ್ತದೆ, ರೋಗಿ ಬರುವುದು ಸುಸ್ತು, ಏದುಸಿರು, ಹಿಮೋಗ್ಲೋಬಿನ್ ಏಳು ಎಂದು. ನಮ್ಮಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಕಬ್ಬಿಣದ ಗುಳಿಗೆ ಬರೆದು ಕಳಿಸುವುದು ಕೈಗೆ ರೂಢಿಯಾಗಿಬಿಟ್ಟಿದೆ. ಮುಟ್ಟಿನ ವಯಸ್ಸಿನ ಹೆಣ್ಣುಮಗಳಲ್ಲಿ ಅದು ನಡೆದೀತು. ಐವತ್ತು ದಾಟಿದ ಗಂಡಸಿನಲ್ಲಿ, ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಮೇಲಿನಿಂದಲೂ ಕೆಳಗಿನಿಂದಲೂ ಎಂಡೋಸ್ಕೋಪಿ ಮಾಡಿಸಲೇಬೇಕು.

ಇಲ್ಲೊಂದು ತೊಡಕು. ಇಂಥವರೆಲ್ಲರನ್ನೂ ದುರ್ಬೀನಿಗೆ ಕಳಿಸಿದರೆ ಎಂಡೋಸ್ಕೋಪಿ ಕೋಣೆಗಳ ಮುಂದಿನ ಸಾಲು ತಿಂಗಳುಗಟ್ಟಲೆ ಆಗುತ್ತದೆ. ಮಲದ ರಕ್ತ ಪರೀಕ್ಷೆಯಿಂದ ಸಾಲನ್ನು ಜರಡಿ ಹಿಡಿಯಬಹುದೇ?

ವಿಜಯಪುರ_ಸಮುದಾಯವೈದ್ಯೆ

ಹಿಡಿಯಬಹುದು ಎಂಬುದೇ ನನ್ನ ವಾದ. ಫಿಟ್ ಎಂದು ಕರೆಯುವ ಈಗಿನ ಮಲ ಪರೀಕ್ಷೆ ಮನುಷ್ಯನ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗವನ್ನು ಮಾತ್ರ ಹಿಡಿಯುತ್ತದೆ. ಹಳೆಯ ಗ್ವಾಯಾಕ್ ಪರೀಕ್ಷೆಯಂತೆ ಮಾಂಸ, ಮೂಲಂಗಿ ತಿಂದರೆ ಕೆಡುವುದಿಲ್ಲ, ಪಥ್ಯ ಬೇಡ, ಒಂದು ಮಾದರಿ ಸಾಕು. ಹೊಟ್ಟೆಯ ಮೇಲ್ಭಾಗದಲ್ಲಿ ಒಸರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗುವುದರಿಂದ ಇದು ಮುಖ್ಯವಾಗಿ ದೊಡ್ಡಕರುಳಿನ ರಕ್ತವನ್ನೇ ತೋರಿಸುತ್ತದೆ. ಇರುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 79ನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಬ್ರಿಟನ್ನಿನ ವೈದ್ಯ ಸಂಘಗಳು 2022ರಿಂದ ಲಕ್ಷಣಗಳಿರುವವರಲ್ಲೂ ಇದನ್ನು ಮೊದಲ ಮೆಟ್ಟಿಲಾಗಿ ಬಳಸಲು ಹೇಳಿವೆ. ಗ್ರಾಂ ಮಲಕ್ಕೆ 10 ಮೈಕ್ರೋಗ್ರಾಂ ಅಥವಾ ಹೆಚ್ಚು ರಕ್ತ ಕಂಡರೆ ತುರ್ತು ಕೊಲೊನೋಸ್ಕೋಪಿ.

ಆರೋಗ್ಯವಂತರ ತಪಾಸಣೆಯಲ್ಲೂ ಫಿಟ್ ಹಿಂದೆ ಬಿದ್ದಿಲ್ಲ. ಸ್ಪೇನಿನ ಕೊಲೊನ್‌ಪ್ರೆವ್ ಪ್ರಯೋಗದ 2012ರ ವರದಿಯಲ್ಲಿ ಫಿಟ್‌ಗೆ ಕರೆದಾಗ 34.2 ಪ್ರತಿಶತ, ಕೊಲೊನೋಸ್ಕೋಪಿಗೆ ಕರೆದಾಗ 24.6 ಪ್ರತಿಶತ ಜನ ಬಂದರು. ಹತ್ತು ವರ್ಷದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು: ಈ ಕ್ಯಾನ್ಸರ್‌ನಿಂದ ಸಾವು ಕೊಲೊನೋಸ್ಕೋಪಿ ಗುಂಪಿನಲ್ಲಿ 0.22, ಫಿಟ್ ಗುಂಪಿನಲ್ಲಿ 0.24 ಪ್ರತಿಶತ. ಎಂದಾದರೂ ನಮ್ಮ ರಾಜ್ಯ ಈ ತಪಾಸಣೆಗೆ ಕೈಹಾಕಿದರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಹೋಗಬಲ್ಲ ವಸ್ತು ಇದೊಂದೇ.

ಒಂದು ಎಚ್ಚರಿಕೆ ಮಾತ್ರ ನಮ್ಮೂರಿನದು. ಮಾದರಿಯ ಬಾಟಲಿಯಲ್ಲಿ ಹಿಮೋಗ್ಲೋಬಿನ್ ಬಿಸಿಲಿಗೆ ಒಡೆಯುತ್ತದೆ. ಇಟಲಿಯಲ್ಲೇ ಬೇಸಿಗೆಯ ತಿಂಗಳುಗಳಲ್ಲಿ ಪಾಸಿಟಿವ್ ಪ್ರಮಾಣ ಇಳಿದದ್ದು ದಾಖಲಾಗಿದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ, ಇಂಡಿಯಿಂದ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಂದ ಮಾದರಿ ನೆಗೆಟಿವ್ ಎಂದರೆ ನಾನು ನಂಬಲಾರೆ. ಲಸಿಕೆ ಸಾಗಿಸುವ ತಂಪು ಪೆಟ್ಟಿಗೆಯಲ್ಲಿ ತರಿಸುವ ವ್ಯವಸ್ಥೆ ಮೊದಲು ಬೇಕು.

ಬೆಳಗಾವಿ_ಎಂಡೋ

ಮೇಡಂ ಅವರ ಲೆಕ್ಕಗಳನ್ನು ಒಪ್ಪುತ್ತೇನೆ, ಎರಡು ಕಡೆ ತಕರಾರಿದೆ. ಮೊದಲನೆಯದು, ಕಣ್ಣಿಗೆ ಕಾಣುವ ರಕ್ತ ಇರುವ ರೋಗಿಗೆ ಫಿಟ್ ಮಾಡಿಸಿ ಕೂರುವುದು ಬ್ರಿಟನ್ನಿನಲ್ಲಿ ಸರಿಯಿರಬಹುದು. ಅಲ್ಲಿ ನೆಗೆಟಿವ್ ಬಂದವರನ್ನು ಅದೇ ವೈದ್ಯರು ಮತ್ತೆ ನೋಡುತ್ತಾರೆ. ನಮ್ಮ ರೋಗಿ ‘ನೆಗೆಟಿವ್’ ಎಂಬ ಚೀಟಿ ಹಿಡಿದು ಹೋದರೆ ಮುಂದೆ ಬರುವುದು ಕರುಳು ಕಟ್ಟಿಕೊಂಡಾಗ. ಎರಡನೆಯದು, ಫಿಟ್ ದೊಡ್ಡ ಅಡಿನೋಮಾಗಳ ಬಹುಪಾಲನ್ನು ಒಂದು ಸಲದ ಪರೀಕ್ಷೆಯಲ್ಲಿ ಬಿಟ್ಟುಬಿಡುತ್ತದೆ, ಅದರ ಬಲವಿರುವುದು ವರ್ಷಕ್ಕೋ ಎರಡು ವರ್ಷಕ್ಕೋ ಮರಳಿ ಮಾಡುವುದರಲ್ಲಿ. ಮರಳಿ ಕರೆಯುವ ಪಟ್ಟಿ ಇಟ್ಟುಕೊಳ್ಳುವವರು ಯಾರು? ಪಾಸಿಟಿವ್ ಬಂದವರಿಗೆ ಹತ್ತು ತಿಂಗಳಿಗಿಂತ ತಡವಾಗಿ ಕೊಲೊನೋಸ್ಕೋಪಿ ಆದರೆ ಮುಂದುವರಿದ ಕ್ಯಾನ್ಸರ್ ಸಿಗುವ ಸಂಭವ ಏರುತ್ತದೆಂದು ಕ್ಯಾಲಿಫೋರ್ನಿಯಾದ 2017ರ ಅಧ್ಯಯನ ತೋರಿಸಿದೆ. ಪಾಸಿಟಿವ್ ಎಂದು ಹೇಳಿ ಕಾಯಿಸುವುದು ಹೇಳದೇ ಇರುವುದಕ್ಕಿಂತ ಕ್ರೂರ.

ಇನ್ನು ‘ಕೊಲೊನೋಸ್ಕೋಪಿ ಆಗಿದೆ’ ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. ಮಾಡುವವರ ಕೈಮೇಲೆ ಇಷ್ಟು ಅವಲಂಬಿಸಿದ ಪರೀಕ್ಷೆಗಳು ಕಡಿಮೆ. ನೂರು ತಪಾಸಣೆಗಳಲ್ಲಿ ಎಷ್ಟರಲ್ಲಿ ಕನಿಷ್ಠ ಒಂದು ಅಡಿನೋಮಾ ಸಿಕ್ಕಿತು ಎಂಬುದನ್ನು ಅಡಿನೋಮಾ ಪತ್ತೆ ಪ್ರಮಾಣ ಎನ್ನುತ್ತೇವೆ. ಈ ಪ್ರಮಾಣ 20ಕ್ಕಿಂತ ಕಡಿಮೆಯಿದ್ದ ವೈದ್ಯರು ನೋಡಿದ ರೋಗಿಗಳಲ್ಲಿ ಮುಂದಿನ ತಪಾಸಣೆಗೆ ಮೊದಲೇ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಹೆಚ್ಚೆಂದು ಪೋಲೆಂಡಿನ ಕಮಿನ್ಸ್ಕಿ ತಂಡ 2010ರಲ್ಲಿ ತೋರಿಸಿತು. 2014ರಲ್ಲಿ ಕಾರ್ಲಿ ತಂಡ 3,14,872 ಪರೀಕ್ಷೆಗಳನ್ನು ನೋಡಿ, ಈ ಪ್ರಮಾಣ ಒಂದು ಅಂಕ ಏರಿದರೆ ಮುಂದಿನ ಕ್ಯಾನ್ಸರ್ ಅಪಾಯ 3 ಪ್ರತಿಶತ ಇಳಿಯುತ್ತದೆಂದು ಲೆಕ್ಕ ಹಾಕಿತು. ಅಮೆರಿಕದ ಸಂಘಗಳು 2024ರಲ್ಲಿ ಗುರಿಯನ್ನು 25ರಿಂದ 35ಕ್ಕೆ ಏರಿಸಿವೆ. ನಮ್ಮ ಜನರಲ್ಲಿ ಅಡಿನೋಮಾಗಳೇ ಕಡಿಮೆಯಿರುವುದರಿಂದ ಆ ಅಂಕಿಯನ್ನು ಇಲ್ಲಿ ಹಾಗೇ ಹೇರಲಾಗದು, ಆದರೆ ತನ್ನ ಪ್ರಮಾಣವೆಷ್ಟೆಂದು ಲೆಕ್ಕವಿಡದ ವೈದ್ಯನಿಗೆ ತಾನು ಏನನ್ನು ಬಿಡುತ್ತಿದ್ದೇನೆಂದು ಗೊತ್ತಾಗುವ ದಾರಿಯೇ ಇಲ್ಲ.

ರಿಪೋರ್ಟ್ ಕೈಗೆ ಬಂದಾಗ ಜಮಖಂಡಿ ಸರ್ ಅಂಥವರು ನೋಡಬೇಕಾದದ್ದು ಇದು. ದೊಡ್ಡಕರುಳು ಆರಂಭವಾಗುವ ತುದಿಯಾದ ಸೀಕಂ ಮುಟ್ಟಿದ್ದಾರೆಯೇ, ಅಪೆಂಡಿಕ್ಸ್ ಬಾಯಿಯ ಫೋಟೋ ಇದೆಯೇ? ಸುಮಾರು 160 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ, ಗುದನಾಳಕ್ಕೆ ಹತ್ತಿದ ಬಾಗಿದ ಭಾಗವಾದ ಸಿಗ್ಮಾಯ್ಡ್‌ನ ಸುರುಳಿ ಬಿಡಿಸಿ ಹೋದವರು 70ರಿಂದ 80 ಸೆಂಟಿಮೀಟರಿಗೇ ಸೀಕಂ ತಲುಪಿರುತ್ತಾರೆ, ‘100 ಸೆಂ.ಮೀ. ವರೆಗೆ ನೋಡಲಾಯಿತು’ ಎಂದಷ್ಟೇ ಬರೆದಿದ್ದರೆ ಎಲ್ಲಿಯವರೆಗೆ ಹೋದರೆಂದು ಏನೂ ತಿಳಿಯುವುದಿಲ್ಲ. ಕರುಳಿನ ಸ್ವಚ್ಛತೆಗೆ ಬೋಸ್ಟನ್ ಅಂಕ ಕೊಟ್ಟಿದ್ದಾರೆಯೇ? ಬಲ, ನಡು, ಎಡ ಮೂರು ಭಾಗಗಳಿಗೆ ತಲಾ ಮೂರು ಅಂಕ. ಪ್ರತಿಯೊಂದಕ್ಕೂ ಎರಡಾದರೂ ಇರಬೇಕು. ಹಿಂದಕ್ಕೆ ಎಳೆಯುವಾಗ ನೋಡಿದ ಸಮಯ ಕನಿಷ್ಠ ಆರು ನಿಮಿಷ ಎನ್ನುತ್ತಿದ್ದರು, ಈಗ ಎಂಟು. ರಕ್ತ ಅಥವಾ ಭೇದಿಯ ದೂರಿದ್ದರೆ ಸಣ್ಣಕರುಳಿನ ತುದಿಯನ್ನೂ ಹೊಕ್ಕು ನೋಡಬೇಕು. ಆ ಜಾಗದ ಕ್ಷಯ ನಮ್ಮಲ್ಲಿ ಸಾಮಾನ್ಯ, ಕಣ್ಣಿಗೆ ಕ್ಯಾನ್ಸರಿನಂತೆಯೇ ಕಾಣುತ್ತದೆ, ಬಯಾಪ್ಸಿ ಇಲ್ಲದೆ ತೀರ್ಮಾನಿಸಲಾಗದು.

ಅಥಣಿ_ಮಾಸ್ತರ

ಈಗ ಕೃತಕ ಬುದ್ಧಿಮತ್ತೆಯೇ ಪಾಲಿಪ್ ಹುಡುಕಿ ಪರದೆಯ ಮೇಲೆ ಚೌಕ ಬರೆದು ತೋರಿಸುತ್ತದಂತಲ್ಲ. ಹಾಗಿದ್ದರೆ ಕೈಗುಣದ ಚಿಂತೆ ಏಕೆ?

ಬೆಳಗಾವಿ_ಎಂಡೋ

ಮಾಸ್ತರರೇ, ಚೌಕ ಬರೆಯುವುದು ನಿಜ, ಅದರಿಂದ ಪತ್ತೆಯಾಗುವ ಪಾಲಿಪ್‌ಗಳ ಸಂಖ್ಯೆ ಏರುವುದೂ ನಿಜ. ಆದರೆ ಮಡಿಕೆಯ ಹಿಂದೆ ಇರುವುದನ್ನು, ಮಲ ಮುಚ್ಚಿರುವುದನ್ನು ಕ್ಯಾಮೆರಾ ಕಂಡರೆ ತಾನೇ ಯಂತ್ರ ಕಾಣುವುದು. ಪೋಲೆಂಡಿನ ನಾಲ್ಕು ಕೇಂದ್ರಗಳಿಂದ 2025ರಲ್ಲಿ ಬಂದ ಅಧ್ಯಯನವೊಂದು ಇನ್ನೊಂದು ಮುಖ ತೋರಿಸಿದೆ. ಈ ಯಂತ್ರ ಬರುವ ಮೊದಲು ವೈದ್ಯರ ಅಡಿನೋಮಾ ಪತ್ತೆ ಪ್ರಮಾಣ 28.4 ಇತ್ತು, ಯಂತ್ರದ ರೂಢಿಯಾದ ಮೇಲೆ ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ 22.4ಕ್ಕೆ ಇಳಿದಿತ್ತು. ಒಂದು ಅಧ್ಯಯನದಿಂದ ತೀರ್ಪು ಕೊಡಬಾರದು, ಆದರೂ ತರಬೇತಿಯಲ್ಲಿರುವ ಹುಡುಗರಿಗೆ ಮೊದಲ ಕೆಲವು ನೂರು ಪರೀಕ್ಷೆಗಳನ್ನು ನಾನು ಚೌಕ ಆರಿಸಿಯೇ ಮಾಡಿಸುತ್ತೇನೆ.

ಗೋಕಾಕ_ಸಿಸ್ಟರ್

ಎಂಡೋಸ್ಕೋಪಿ ಕೋಣೆಯಲ್ಲಿ ಕೆಲಸ ಮಾಡುವವಳಾಗಿ ಬೋಸ್ಟನ್ ಅಂಕದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ, ಏಕೆಂದರೆ ಆ ಅಂಕ ನಿರ್ಧಾರವಾಗುವುದು ರೋಗಿಯ ಮನೆಯಲ್ಲಿ.

ಇಂಗ್ಲಿಷ್ ಕರಪತ್ರದಲ್ಲಿ ‘ಕಡಿಮೆ ನಾರಿನ ಆಹಾರ’ ಎಂದು ಬರೆದಿರುತ್ತದೆ. ರೋಗಿ ಅದನ್ನು ಎಣ್ಣೆ ಖಾರ ಇಲ್ಲದ ಊಟವೆಂದು ತಿಳಿದು ಜೋಳದ ರೊಟ್ಟಿಗೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಹಚ್ಚಿಕೊಂಡು ಉಂಡು ಬರುತ್ತಾನೆ. ಆ ಕಾಳು ಎರಡು ಲೀಟರ್ ಔಷಧಕ್ಕೂ ಹೋಗುವುದಿಲ್ಲ. ಕರುಳಿನ ಗೋಡೆಗೆ ಅಂಟಿ ಕೂತು, ಎಳೆದು ತೆಗೆಯಲು ಹೋದರೆ ಸ್ಕೋಪಿನ ಹೀರುವ ನಾಳದಲ್ಲೇ ಸಿಕ್ಕಿಕೊಳ್ಳುತ್ತವೆ. ವೈದ್ಯರು ಹತ್ತು ನಿಮಿಷ ಪಿಚಕಾರಿಯಿಂದ ನೀರು ಬಿಡುತ್ತಾ ನಿಲ್ಲುವುದನ್ನು, ಕಡೆಗೆ ‘ತಯಾರಿ ಸಾಲದು, ಮತ್ತೆ ಬನ್ನಿ’ ಎಂದು ಬರೆಯುವುದನ್ನು ನೋಡಿದ್ದೇನೆ. ಆದ್ದರಿಂದ ನಾನು ಹೆಸರು ಹಿಡಿದೇ ಹೇಳುತ್ತೇನೆ: ಎರಡು ದಿನ ಮೊದಲಿನಿಂದ ರೊಟ್ಟಿ, ಹಿಂಡಿ, ಶೇಂಗಾ, ಮಡಿಕೆ ಕಾಳು, ಪುಂಡಿಪಲ್ಯ, ಪೇರಲ, ಬದನೆಕಾಯಿ ಬೇಡ. ಬಿಳಿ ಅನ್ನ, ತೆಳು ಮಜ್ಜಿಗೆ, ರವೆ ಗಂಜಿ, ಬೇಳೆಕಟ್ಟು ಇರಲಿ. ಹಿಂದಿನ ದಿನ ಮಧ್ಯಾಹ್ನದ ಮೇಲೆ ನೀರು, ಎಳನೀರು, ಹಾಲಿಲ್ಲದ ಚಹಾ ಮಾತ್ರ. ಬೀಟ್‌ರೂಟ್, ಕೋಕಂ ಷರಬತ್ತು ಬೇಡ, ಕೆಂಪು ನೀರು ರಕ್ತದಂತೆ ಕಾಣುತ್ತದೆ. ಕಬ್ಬಿಣದ ಗುಳಿಗೆ ಒಂದು ವಾರ ಮೊದಲೇ ನಿಲ್ಲಬೇಕು, ಇಲ್ಲವಾದರೆ ಇಡೀ ಕರುಳು ಕಪ್ಪು ರಾಡಿ.

ಔಷಧವನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಬಲಭಾಗ ಚೆನ್ನಾಗಿ ತೊಳೆಯುತ್ತದೆ. ಆದರೆ ಬೆಳಗಿನ ಪಾಳಿಗೆ ಹಾರೂಗೇರಿಯಿಂದ ಬಸ್ಸಿನಲ್ಲಿ ಬರಬೇಕಾದ ಅಜ್ಜಿ ಆ ಎರಡನೆಯ ಅರ್ಧವನ್ನು ಕುಡಿದು ಬಸ್ಸು ಹತ್ತುವುದಾದರೂ ಹೇಗೆ? ಆಕೆ ಕುಡಿಯುವುದೇ ಇಲ್ಲ, ಕುಡಿದೆನೆಂದು ಹೇಳುತ್ತಾಳೆ. ನಾವು ಈಗ ದೂರದವರಿಗೆಲ್ಲ ಮಧ್ಯಾಹ್ನದ ಪಾಳಿ ಕೊಟ್ಟು, ಬೆಳಿಗ್ಗೆ ಬೇಗ ಬಂದವರಿಗೆ ವಾರ್ಡಿನಲ್ಲೇ ಶೌಚಾಲಯದ ಹತ್ತಿರದ ಮಂಚ ಕೊಟ್ಟು ಕುಡಿಸುತ್ತೇವೆ. ಮಧ್ಯಾಹ್ನದ ಪರೀಕ್ಷೆಗೆ ಅದೇ ದಿನ ಪೂರ್ತಿ ಕುಡಿದರೂ ಸಾಕಾಗುತ್ತದೆ. ಹೀಗೆ ಆರಂಭಿಸಿದ ಮೇಲೆ ಮತ್ತೆ ಬನ್ನಿ ಎಂದು ಬರೆಯುವುದು ಬಹಳ ಇಳಿದಿದೆ.

ಹೆಂಗಸರ ಬಗ್ಗೆ ಒಂದು ಮಾತು. ನಾಚಿಕೆಯಿಂದ ಎಷ್ಟೋ ಜನ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಾರೆ. ಹಿಂದೆ ಸೀಳಿರುವ ಪ್ಯಾಂಟು ಕೊಟ್ಟು, ಮೇಲೆ ಅವರದೇ ಸೀರೆ ಹೊದಿಸಿ, ‘ಒಳಗೆ ನಾನೇ ಇರುತ್ತೇನ್ರೀ ಅಕ್ಕಾರ’ ಎಂದರೆ ಒಪ್ಪುತ್ತಾರೆ.

ವಿಜಯಪುರ_ಸಮುದಾಯವೈದ್ಯೆ

ಸಿಸ್ಟರ್ ಅವರ ಪಥ್ಯದ ಪಟ್ಟಿಯನ್ನು ನಮ್ಮ ವಿಭಾಗದ ಕರಪತ್ರಕ್ಕೆ ಬಳಸಿಕೊಳ್ಳುತ್ತೇನೆ, ಅಭ್ಯಂತರವಿಲ್ಲವೆಂದು ಭಾವಿಸುತ್ತೇನೆ.

ಬೆಳಗಾವಿ ಸರ್ ಅವರ ಮೊದಲ ತಕರಾರನ್ನು ಭಾಗಶಃ ಒಪ್ಪುತ್ತೇನೆ: ಕಣ್ಣಿಗೆ ಕಾಣುವ ರಕ್ತ, ಬೆರಳಿಗೆ ಸಿಕ್ಕ ಗಡ್ಡೆ, ಐವತ್ತರ ಮೇಲಿನ ಕಬ್ಬಿಣದ ಕೊರತೆ, ಇವಕ್ಕೆ ಫಿಟ್ ಬೇಡ, ನೇರವಾಗಿ ಕೊಲೊನೋಸ್ಕೋಪಿ. ಹೊಟ್ಟೆನೋವು, ಮಲಬದ್ಧತೆ, ಗ್ಯಾಸ್ ಎಂದು ಬರುವ ದೊಡ್ಡ ಸಾಲಿಗೆ ಫಿಟ್ ಇರಲಿ. ಎರಡನೆಯ ತಕರಾರಿಗೆ ನನ್ನಲ್ಲಿ ಉತ್ತರವಿಲ್ಲ. ಮರಳಿ ಕರೆಯುವ ಪಟ್ಟಿ ಇಲ್ಲದ ಕಡೆ ಆರೋಗ್ಯವಂತರ ತಪಾಸಣೆ ಆರಂಭಿಸಬಾರದೆಂಬುದೇ ನನ್ನ ಮೂಲ ವಾದವೂ ಹೌದು.

ಬೆಳಗಾವಿ_ಎಂಡೋ

ಹಾಗಾದರೆ ನಮ್ಮಿಬ್ಬರ ನಡುವೆ ಉಳಿದಿರುವುದು ಖರ್ಚು ಭರಿಸಬಲ್ಲ ಆರೋಗ್ಯವಂತನ ಪ್ರಶ್ನೆ ಮಾತ್ರ. ಅವನಿಗೆ ಅಪಾಯವನ್ನೂ ಹೇಳಿಯೇ ಒಪ್ಪಿಗೆ ಪಡೆಯಬೇಕೆಂದು ಒಪ್ಪುತ್ತೇನೆ: ಹತ್ತು ಸಾವಿರ ಪರೀಕ್ಷೆಗಳಿಗೆ ಸುಮಾರು ಮೂರರಲ್ಲಿ ಕರುಳು ತೂತಾಗಬಹುದು, ಸುಮಾರು ಹದಿನೈದರಲ್ಲಿ ಗಮನಾರ್ಹ ರಕ್ತಸ್ರಾವ ಆಗಬಹುದು, ಪಾಲಿಪ್ ತೆಗೆದಾಗ ಹೆಚ್ಚು. ಅಷ್ಟು ತಿಳಿದೂ ಬೇಕೆಂದರೆ ಅದು ಅವನ ಹಕ್ಕು. ಆದರೆ ಮುಧೋಳದ ತಂಗಿಯ ತಂದೆಯಂಥವರು ಕಾಯುವ ಸಾಲಿನಲ್ಲಿ ಅವನ ಪ್ಯಾಕೇಜಿನ ಅಪಾಯಿಂಟ್‌ಮೆಂಟ್ ಮುಂದೆ ಬರಕೂಡದು. ನಮ್ಮ ಪಾಳಿಪಟ್ಟಿಯಲ್ಲಿ ರಕ್ತದ ದೂರಿನವರಿಗೆ ಪ್ರತಿದಿನ ಜಾಗ ಕಾದಿರಿಸಲು ಆರಂಭಿಸಿದ್ದೇವೆ. ಜಮಖಂಡಿ ಸರ್ ಅಂಥವರು ಚೀಟಿಯ ಮೇಲೆ ‘ಬೆರಳು ಪರೀಕ್ಷೆ ಮಾಡಿದೆ’ ಎಂದೂ ಹಿಮೋಗ್ಲೋಬಿನ್ ಎಷ್ಟೆಂದೂ ಬರೆದು ಕಳಿಸಿದರೆ ಯಾರನ್ನು ಮೊದಲು ಕರೆಯಬೇಕೆಂದು ತಿಳಿಯುತ್ತದೆ.

ಮುಧೋಳ_ಮಗಳು

ಎಲ್ಲರಿಗೂ ಧನ್ಯವಾದಗಳು. ತಂದೆಯವರ ಬ್ಲಾಕ್ ಇನ್ನೂ ಆಸ್ಪತ್ರೆಯಲ್ಲಿದೆಯೆಂದು ಫೋನಿನಲ್ಲಿ ತಿಳಿಯಿತು, ಎಂಎಂಆರ್ ಪರೀಕ್ಷೆಗೆ ಅರ್ಜಿ ಕೊಟ್ಟಿದ್ದೇವೆ. ಒಂದು ಕೊನೆಯ ಪ್ರಶ್ನೆ ಸಿಸ್ಟರ್‌ಗೆ. ತಂದೆಯವರಿಗೆ ಮುಂದಿನ ತಿಂಗಳು ಚೀಲದ ಬಾಯಿಯ ಮೂಲಕವೇ ಕೊಲೊನೋಸ್ಕೋಪಿ ಇದೆ. ಅವರಿಗೆ ಕಿಡ್ನಿಯ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ. ಮೆಡಿಕಲ್ ಅಂಗಡಿಯವರು ಎರಡು ಸಣ್ಣ ಬಾಟಲಿಯ ಔಷಧ ಸಾಕೆಂದರು, ಕುಡಿಯುವುದೂ ಸುಲಭವಂತೆ. ಕೊಡಬಹುದೇ?

ಗೋಕಾಕ_ಸಿಸ್ಟರ್

ಬೇಡ್ರೀ ತಂಗಿ. ಆ ಸಣ್ಣ ಬಾಟಲಿಯಲ್ಲಿ ಸೋಡಿಯಂ ಫಾಸ್ಫೇಟ್ ಇದ್ದರೆ ಕಿಡ್ನಿ ಮೊದಲೇ ದುರ್ಬಲವಿರುವವರಿಗೆ ಅದು ಇನ್ನಷ್ಟು ಹಾನಿ ಮಾಡಬಲ್ಲದು. ನೀರಿನಲ್ಲಿ ಕದಡಿ ಕುಡಿಯುವ ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯೇ ಅವರಿಗೆ ಸರಿ. ರುಚಿ ಉಪ್ಪುಪ್ಪಾಗಿರುತ್ತದೆ, ತಣ್ಣಗೆ ಮಾಡಿ ನಿಂಬೆಹನಿ ಬಿಟ್ಟು ಕೊಡಿ, ಗಂಟೆಗೆ ಅರ್ಧ ಲೀಟರಿನಂತೆ ನಿಧಾನವಾಗಿ. ಪ್ರಮಾಣವನ್ನು ಅವರ ವೈದ್ಯರಿಂದ ಬರೆಸಿಕೊಳ್ಳಿ, ಕ್ರಿಯಾಟಿನಿನ್ ರಿಪೋರ್ಟನ್ನೂ ಬಿಪಿ ಗುಳಿಗೆಗಳ ಚೀಟಿಯನ್ನೂ ತೋರಿಸಿ, ಏಕೆಂದರೆ ಕೆಲವು ಗುಳಿಗೆಗಳನ್ನು ಆ ದಿನ ನಿಲ್ಲಿಸಬೇಕಾಗುತ್ತದೆ. ಚೀಲ ಬೇಗ ಬೇಗ ತುಂಬುತ್ತದೆ, ಆದ್ದರಿಂದ ಕೆಳಗೆ ತೆರೆದು ಖಾಲಿ ಮಾಡಬಹುದಾದ ದೊಡ್ಡ ಚೀಲವನ್ನು ಹಿಂದಿನ ಸಂಜೆಯೇ ಹಾಕಿ, ಬರುವಾಗ ಎರಡು ಹೆಚ್ಚಿಗೆ ತನ್ನಿ.